ಮ್ಯಾಕ್ಸಿನ್ ಕೊಟ್ಟ ಒಂದೇ ಒಂದು ಮಿಂಟ್

ನಮ್ಮ ಮ್ಯಾಕ್ಸಿನ್‌ಗೆ ರೆಕಾರ್ಡು ತೋರಿಸೋಕೆ ಜನ ಬರುತ್ತಾರಲ್ಲ, ಅವರ ಮುಖ ನೋಡಬೇಕು ನೀವು. ಹೆರಿಗೆ ಆಸ್ಪತ್ರೆ ಬಾಗಿಲಲ್ಲಿ ನಿಂತ ಗಂಡಸರೂ ಅಷ್ಟು ಬೆವರುವುದಿಲ್ಲ. ಅರವತ್ತು ದಾಟಿದ, ಕಿವಿಯಲ್ಲಿ ಇನ್ನೂ ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡ, ಮಂಡಿನೋವಿಗೆ ಪಟ್ಟಿ ಸುತ್ತಿಕೊಂಡ ಭಾರೀ ಭಾರೀ ಆಸಾಮಿಗಳು, ಒಂದೊಂದು ಏಳಿಂಚಿನ ಪಂಕ್ ಹಾಡಿನ ರೆಕಾರ್ಡನ್ನು ಎದೆಗೆ ಅವಚಿಕೊಂಡು ಸಾಲಾಗಿ ನಿಂತಿರುತ್ತಾರೆ. ಅವಳು ಮೇಜಿನ ದೀಪ ಹಚ್ಚಿ, ರೆಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿದು, ಬೆಳಕಿನ ಕೆಳಗೆ ಹಾಗೊಮ್ಮೆ ಹೀಗೊಮ್ಮೆ ವಾಲಿಸುತ್ತಾಳೆ. ಗೀರು ಕಂಡರೆ "ಹ್ಮ್" ಅನ್ನುತ್ತಾಳೆ, ಅಷ್ಟೇ. ಆ "ಹ್ಮ್" ಕೇಳಿಸಿಕೊಂಡ ಒಬ್ಬ ಮನುಷ್ಯ ಸೀದಾ ನನ್ನ ಸ್ಟಾಲಿಗೆ ಬಂದು ಎರಡು ಪ್ಯಾಟಿ ಒಂದೇ ಉಸಿರಿಗೆ ನುಂಗಿ, ಮಾತಾಡದೆ ಮನೆಗೆ ಹೋದ.

ನಾನು ಲೊರೇನ್. ಹಲ್ ಅನ್ನುವ ಬಂದರು ಊರಿನ ಹೆಸಲ್ ರೋಡ್ ಪಕ್ಕದ ಕ್ಲಬ್ಬಿನ ಹಾಲಿನಲ್ಲಿ ಆಗಾಗ ಶನಿವಾರ ರೆಕಾರ್ಡು ಸಂತೆ ನಡೆಯುತ್ತದಲ್ಲ, ಅಲ್ಲಿ ಟೀ, ಆಲೂಗಡ್ಡೆ ಪ್ಯಾಟಿ ಮಾರುವವಳು. ನನಗೆ ಈ ರೆಕಾರ್ಡು ಹುಚ್ಚು ಹಿಡಿದಿಲ್ಲ, ದೇವರು ದೊಡ್ಡವನು. ಆದರೆ ಮ್ಯಾಕ್ಸಿನ್ ಮಾತ್ರ ನನ್ನ ಜೀವದ ಗೆಳತಿ. ಇಬ್ಬರೂ ಒಂದೇ ಬೀದಿಯಲ್ಲಿ ಹುಟ್ಟಿದವರು, ಶಾಲೆ ಮುಗಿದದ್ದೇ ಒಟ್ಟಿಗೆ ಮೀನಿನ ಕಾರ್ಖಾನೆಗೆ ಸೇರಿದವರು. ನನ್ನನ್ನು ಪೊಟ್ಟಣ ಕಟ್ಟುವುದಕ್ಕೆ ಹಾಕಿದರು, ಅವಳನ್ನು ಹೊಗೆಮನೆಗೆ. ಹ್ಯಾಡಕ್ ಮೀನನ್ನು ಸೀಳಿ, ಉಪ್ಪುನೀರಲ್ಲಿ ಅದ್ದಿ, ಓಕ್ ಮರದ ಹೊಟ್ಟಿನ ಹೊಗೆಗೆ ತೂಗುಹಾಕುವ ಕೆಲಸ. ಎಷ್ಟು ಸೋಪು ಹಾಕಿ ಉಜ್ಜಿದರೂ ವಾಸನೆ ಬಿಡುತ್ತಿರಲಿಲ್ಲ. ನಾಚಿಕೆಪಟ್ಟು ಸಾಯಬೇಕಾದ ಆ ವಯಸ್ಸಿನಲ್ಲೇ ನೋಡಿ ಪಂಕ್ ಅನ್ನುವ ಅರಚಾಟದ ಸಂಗೀತ ಬಂದದ್ದು. ಮ್ಯಾಕ್ಸಿನ್ ಕಾರ್ಖಾನೆಯ ಕತ್ತರಿಯಲ್ಲೇ ತನ್ನ ಕೂದಲು ಕಚಕಚ ಕತ್ತರಿಸಿಕೊಂಡು, ಸಾಬೂನಿನ ನೊರೆ ಹಚ್ಚಿ ಮುಳ್ಳುಹಂದಿಯ ಹಾಗೆ ನಿಲ್ಲಿಸಿಕೊಂಡು, "ವಾಸನೆ ಬರುತ್ತಾ? ಬರಲಿ ಬಿಡು, ಹತ್ತಿರ ಬರಬೇಡಿ ಅಂತಲೇ ಬರ್ತಿರೋದು" ಅಂತ ಓಡಾಡಿದಳು. ಅವರಮ್ಮ ಒಂದು ವಾರ ಮಾತು ಬಿಟ್ಟರು.

ಆಮೇಲೆ ಕಾರ್ಖಾನೆ ಮುಚ್ಚಿತು, ಅವಳು ಶಾಲೆಯ ಅಡುಗೆಮನೆ ಸೇರಿದಳು, ಮದುವೆಯಾದಳು, ಮದುವೆ ಬಿಟ್ಟಳು. ರೆಕಾರ್ಡು ಮಾತ್ರ ಬಿಡಲಿಲ್ಲ. ಹಳೇ ಸಾಮಾನಿನ ಅಂಗಡಿ, ಚರ್ಚಿನ ದಾನದ ಡಬ್ಬ, ಸತ್ತವರ ಮನೆಯ ಅಟ್ಟ, ಎಲ್ಲಿಯಾದರೂ ನುಗ್ಗುವಳು. ಕೊಳ್ಳುತ್ತಾ ಕೊಳ್ಳುತ್ತಾ ಕಣ್ಣು ಪಳಗಿತು, ಕಣ್ಣು ಪಳಗಿದ ಮೇಲೆ ಜನ ಕೇಳೋಕೆ ಶುರುಮಾಡಿದರು: "ಮ್ಯಾಕ್ಸ್, ಇದು ಯಾವ ದರ್ಜೆ ಅಂತ ಹೇಳ್ತೀಯಾ?" ಈ ಲೋಕದಲ್ಲಿ ದರ್ಜೆಗಳೂ ತಲೆಕೆಳಗು. "ಗುಡ್" ಅಂದರೆ ಅದರಲ್ಲಿ ನಾಯಿಗೆ ಊಟ ಹಾಕಬಹುದು ಅಂತ. "ವೆರಿ ಗುಡ್" ಅಂದರೆ ಪರವಾಗಿಲ್ಲ, ಕರಕರ ಅನ್ನುತ್ತೆ ಅಂತ. ಎಲ್ಲಕ್ಕಿಂತ ಮೇಲಿನದು "ಮಿಂಟ್". ಮನುಷ್ಯರ ಉಸಿರೂ ತಾಗಿಲ್ಲ ಅನ್ನುವಷ್ಟು ಹೊಸದು. ಮ್ಯಾಕ್ಸಿನ್ ಮಿಂಟ್ ಕೊಡುವವಳೇ ಅಲ್ಲ. ನನ್ನ ಮೊಮ್ಮಗಳು ಹುಟ್ಟಿದಾಗ ಆಸ್ಪತ್ರೆಗೆ ಬಂದು, ಮಗುವನ್ನು ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಒಂಚೂರು ವಾಲಿಸಿ, "ಮುದ್ದಾಗಿದೆ ಕಣೇ, ಎಡಗಿವಿ ಒಂಚೂರು ಮಡಚಿದೆ" ಅಂದಳು. ಬಾಣಂತಿಯ ಎದುರಿಗೇ! ನನ್ನ ಸೊಸೆ ಇವತ್ತಿಗೂ ಅದನ್ನು ಮರೆತಿಲ್ಲ.

ಅಂಥವಳು ಇಡೀ ಜನ್ಮದಲ್ಲಿ ಒಂದೇ ಒಂದು ರೆಕಾರ್ಡಿಗೆ ಮಿಂಟ್ ಕೊಟ್ಟಳು. ಕೊಟ್ಟದ್ದಾದರೂ ಯಾರಿಗೆ ಅಂತೀರಿ? ನೈಜಲ್ ಬ್ಲೆಂಕಿನ್‌ಗೆ! ಅವನಿಗೂ ಇವಳಿಗೂ ಎಣ್ಣೆ ಸೀಗೆಕಾಯಿ. ನೈಜಲ್ ನೀರಿನ ನಲ್ಲಿ ರಿಪೇರಿ ಮಾಡಿಕೊಂಡಿದ್ದು ನಿವೃತ್ತನಾದವನು, ಹಾಲಿನ ಆ ತುದಿಯಲ್ಲಿ ಪಿಸುಗುಟ್ಟಿದರೆ ಈ ತುದಿಯಲ್ಲಿ ನನ್ನ ಟೀ ಲೋಟ ಅಲುಗಬೇಕು, ಅಂಥ ಗಂಟಲು. ಸಂತೆಯ ಬಾಗಿಲು ತೆರೆದ ಕೂಡಲೇ ಇಬ್ಬರೂ ಒಂದೇ ಡಬ್ಬಕ್ಕೆ ಕೈ ಹಾಕುವವರು. "ಮೊದಲು ನನ್ನ ಬೆರಳು ಮುಟ್ಟಿದ್ದು!" "ನಿನ್ನ ಬೆರಳಲ್ಲಿ ಜಿಡ್ಡಿದೆ ಕಣೋ, ತೆಗಿ!" ಇದು ಪ್ರತಿ ಸಲದ ಸುಪ್ರಭಾತ.

ಆ ರೆಕಾರ್ಡಿನ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎಪ್ಪತ್ತೆಂಟರಲ್ಲಿ ನಮ್ಮ ಹಡಗುಕಟ್ಟೆ ಕಡೆಯ ನಾಲ್ಕು ಹುಡುಗರು "ಹ್ಯಾಡಕ್ ಇನ್‌ಸ್ಪೆಕ್ಟರ್ಸ್" ಅಂತ ತಂಡ ಕಟ್ಟಿ ಒಂದು ರೆಕಾರ್ಡು ಮಾಡಿದರು. ಡ್ರಮ್ಮು ಬಡಿಯುವವನು ಒಂದು ಹೊಗೆಮನೆಯಲ್ಲಿ ಕೆಲಸಕ್ಕಿದ್ದ. ರೆಕಾರ್ಡಿನ ಬಿಳೀ ರಟ್ಟಿನ ಕವರುಗಳನ್ನು ಕದ್ದುಮುಚ್ಚಿ ಒಳಗೆ ಸಾಗಿಸಿ, ಮೀನಿನ ಜೊತೆ ಅವಕ್ಕೂ ಹೊಗೆ ಕೊಡೋಕೆ ಇಟ್ಟ. ಬೆಳಿಗ್ಗೆ ಯಜಮಾನ ಬಾಗಿಲು ತೆಗೆದರೆ ಹ್ಯಾಡಕ್ ಮಧ್ಯೆ ಪಂಕ್! ಡ್ರಮ್ಮಿನವನನ್ನೂ ಕವರುಗಳನ್ನೂ ಒಟ್ಟಿಗೇ ಬೀದಿಗೆ ಎಸೆದರಂತೆ. ಹೀಗಾಗಿ ಹೊಗೆ ಕುಡಿದ ಕವರು ಕೆಲವೇ ಕೆಲವು, ಮಿಕ್ಕ ರೆಕಾರ್ಡುಗಳೆಲ್ಲ ಬರೀ ಕಾಗದದ ಚೀಲದಲ್ಲಿ ಮಾರಾಟವಾದವು. ಆ ಹೊಗೆ ಕವರಿಗೆ ಈಗ ಪ್ರಪಂಚದ ಎಲ್ಲೆಲ್ಲಿಂದಲೋ ಜನ ಬಾಯಿ ಬಿಡುತ್ತಾರೆ. ಕಳ್ಳ ಕವರುಗಳೂ ಬಂದವು, ಚಹಾದಲ್ಲಿ ಅದ್ದಿದ್ದು, ಮೇಣದಬತ್ತಿಗೆ ಹಿಡಿದದ್ದು. ಅಸಲಿಯೋ ನಕಲಿಯೋ ಹೇಳಬೇಕಾದರೆ ಮೂಗೇ ಬೇಕು. ಹೊಗೆಮನೆಯಲ್ಲಿ ಬೆಳೆದ ಮೂಗು ಮ್ಯಾಕ್ಸಿನ್‌ದಲ್ಲದೆ ಇನ್ಯಾರದು? ಕವರನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಉದ್ದಕ್ಕೆ ಒಂದು ಉಸಿರು ಎಳೆದರೆ ಹಾಲೆಲ್ಲ ಗಪ್‌ಚಿಪ್. ಅವಳು "ಹೌದು" ಅಂದರೆ ಹೌದು.

ನೈಜಲ್‌ನ ಕವರಿಗೆ "ಹೌದು" ಅಂದಿದ್ದು ಹತ್ತು ಹನ್ನೆರಡು ವರ್ಷದ ಹಿಂದೆ. ಮಿಕ್ಕವರ ಹತ್ತಿರ ಇದ್ದ ನಾಲ್ಕೈದಕ್ಕೂ ಮೂಲೆಯಲ್ಲಿ ಒಂದು ತೂತು. ಆಗಿನ ಹುಡುಗರು ಗೋಡೆಗೆ ಮೊಳೆ ಹೊಡೆದು ತೂಗುಹಾಕಿಕೊಂಡಿರಬೇಕು ಅಂತ ಎಲ್ಲರೂ ಹಲುಬಿದ್ದರು, ಮ್ಯಾಕ್ಸಿನ್ ದರ್ಜೆ ಇಳಿಸಿದ್ದಳು. ನೈಜಲ್‌ನದಕ್ಕೆ ತೂತಿಲ್ಲ, ಸುಕ್ಕಿಲ್ಲ, ಹಿಂಬದಿಯಲ್ಲಿ ಹೊಗೆಯ ನವಿರಾದ ಗೆರೆಗಳು. ಮ್ಯಾಕ್ಸಿನ್ ಮೂಸಿ ನೋಡಿದಳು, ವಾಲಿಸಿ ನೋಡಿದಳು, ಹೊಟ್ಟೆಕಿಚ್ಚಿನಲ್ಲಿ ಹಲ್ಲು ಕಡಿಯುತ್ತಲೇ "ಮಿಂಟ್" ಅಂದಳು. ಅವತ್ತಿನಿಂದ ಆ ಮಹಾನುಭಾವ ಅದನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಪ್ರತಿ ಸಂತೆಗೂ ಹೊತ್ತು ತರುತ್ತಿದ್ದ. ದೇವರ ಉತ್ಸವಮೂರ್ತಿಗೂ ಅಷ್ಟು ಉಪಚಾರ ಇರುವುದಿಲ್ಲ.

ಇನ್ನು ಆಗ ಯಾರಿಗೂ ಗೊತ್ತಿರದ ಸಂಗತಿ. ಎರಡು ಚಳಿಗಾಲದ ಹಿಂದೆ ಮ್ಯಾಕ್ಸಿನ್‌ಗೆ ಜ್ವರ ಬಂತು, ಜ್ವರದ ಜೊತೆ ಮೂಗೂ ಹೋಯಿತು, ಒಂದು ವಾಸನೆಯೂ ತಿಳಿಯದು. ಅವಳ ಮನೆಗೆ ಹೋದಾಗ ಒಡೆದ ಹಾಲಿನ ಟೀ ಮಾಡಿಕೊಂಡು ಸೊರ್ ಸೊರ್ ಅಂತ ಕುಡಿಯುತ್ತಿದ್ದಳು. ನಾನು ಬಾಗಿಲಲ್ಲೇ ಮೂಗು ಹಿಡಿದುಕೊಂಡೆ. ಅವಳು ನನ್ನ ಮುಖ ನೋಡಿ ಲೋಟ ಕೆಳಗಿಟ್ಟಳು.

"ಯಾರಿಗೂ ಹೇಳಬೇಡ ಕಣೇ ಲೊರೇನ್. ಗೊತ್ತಾದ್ರೆ ಯಾರ್ ಬರ್ತಾರೆ ನನ್ನ ಮೇಜಿಗೆ? ಮನೇಲಿ ಕೂತು ಗೋಡೆ ನೋಡ್ಕೊಂಡು ಸಾಯಬೇಕು."

ನಾನು ಹೇಳಲಿಲ್ಲ. ಅದೃಷ್ಟಕ್ಕೆ ಆಮೇಲೆ ಹೊಗೆ ಕವರು ಒಂದೂ ಬರಲಿಲ್ಲ.

ಬಂತು ನೋಡಿ ಕಳೆದ ಮಾರ್ಚಿನ ಶನಿವಾರ. ಹಂಬರ್ ನದಿ ದಾಟಿ ಗ್ರಿಮ್ಸ್‌ಬಿಯಿಂದ ರೋಲಂಡ್ ಟಾಸ್ಕರ್ ಅನ್ನುವ ಲಾರಿ ಡ್ರೈವರು ಬಂದ. ತೀರಿಹೋದ ಅಕ್ಕನ ಮನೆ ಖಾಲಿ ಮಾಡುವಾಗ ಸಿಕ್ಕಿತಂತೆ, ಒಂದು ಹೊಗೆ ಕವರನ್ನು ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಬಿಚ್ಚಿದ್ದೇ ತಡ, ಹಾಲಿನ ಅಷ್ಟೂ ಜನ ಜೇನುನೊಣದ ಹಾಗೆ ಮುತ್ತಿದರು. ಮೊದಲು ಮೂಗು ತೂರಿಸಿದವನು ನೈಜಲ್ಲೇ.

"ವಾಸನೆ ಏನೋ ಇದೆ" ಅಂದ. "ಗ್ರಿಮ್ಸ್‌ಬಿಯವರ ಕೋಟಿಗೂ ಇದೇ ವಾಸನೆ ಇರುತ್ತೆ ಬಿಡಿ."

"ನಮ್ಮೂರ ಮೀನು ತಿಂದು ಬೆಳೆದ ಬಾಯಿ ಕಣಯ್ಯಾ ನಿಂದು" ಅಂದ ರೋಲಂಡ್.

"ನಿಮ್ಮೂರ ಮೀನಾ! ನಮ್ಮ ಬೆಕ್ಕು ಮುಟ್ಟಲ್ಲ ಅದನ್ನ. ಮೂಲೆ ನೋಡ್ರೋ, ತೂತು! ನನ್ನದರ ಮುಂದೆ ಇದು ಚಿಂದಿ. ಏನೇ ಮ್ಯಾಕ್ಸ್, ಹಿಡಿ, ಮೂಸು."

ಮ್ಯಾಕ್ಸಿನ್ ಮುಖದ ಬಣ್ಣ ಇಳಿದದ್ದು ನನ್ನೊಬ್ಬಳಿಗೆ ಕಂಡಿತು. "ಲೊರೇನ್, ಇಲ್ಲಿ ಬಾ ಸ್ವಲ್ಪ, ದೀಪ ಹಿಡ್ಕೋ" ಅಂದಳು. ಓಡಿದೆ. ಅಂಥ ಪ್ರಾಣಸಂಕಟದಲ್ಲೂ "ಕೈ ತೊಳ್ಕೊಂಡು ಬಾ" ಅಂತ ವಾಪಸ್ಸು ಕಳಿಸಿದಳು, ಏನು ಹೆಂಗಸೋ! ತೊಳೆದುಕೊಂಡು ಬಂದು ದೀಪ ಹಿಡಿದೆ. ಅವಳು ಕವರನ್ನು ನನ್ನ ಮೂಗಿನ ಕಡೆ ಮೆಲ್ಲಗೆ ಓರೆಮಾಡಿ, ತುಟಿ ಅಲುಗಿಸದೆ, "ಬರ್ತಿದ್ಯಾ?" ಅಂದಳು.

ನಾನು ಶ್ವಾಸಕೋಶ ತುಂಬ ಎಳೆದೆ. "ಪ್ಯಾಟಿ ವಾಸನೆ ಬರ್ತಿದೆ ಕಣೇ."

"ಏನಂದೆ?"

"ಬೆಳಿಗ್ಗೆಯಿಂದ ಬಾಣಲೆ ಮುಂದೆ ನಿಂತಿದೀನಿ ತಾಯಿ. ಇಡೀ ಪ್ರಪಂಚವೇ ನನಗೀಗ ಪ್ಯಾಟಿ."

"ಹಾಳಾದೋಳೇ" ಅಂದಳು. ಅಂದವಳಿಗೇ ನಗು ಬಂತು, ನನಗೂ ಬಂತು. ಇಬ್ಬರೂ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದೆವು. ಹದಿನೇಳರ ವಯಸ್ಸಿನಲ್ಲಿ ಮೇಸ್ತ್ರಿ ಬೆನ್ನ ಹಿಂದೆ ಹೀಗೇ ಮಾಡುತ್ತಿದ್ದೆವು.

ನಗು ಇಳಿದ ಮೇಲೆ ಅವಳೊಬ್ಬಳೇ ಉಳಿದಳು. ಕವರನ್ನು ಮೂಗಿಗೆ ತಂದಳು, ಕಣ್ಣು ಮುಚ್ಚಿದಳು, ಉಸಿರು ಎಳೆದಳು. ಹಾಲು ಗಪ್‌ಚಿಪ್. ಏನೂ ಬರುತ್ತಿಲ್ಲ ಅಂತ ನನಗೆ ಗೊತ್ತು, ಅವಳಿಗೆ ಗೊತ್ತು. ಹೊತ್ತು ತಳ್ಳೋಕೆ ಅಂತ ಬೆರಳನ್ನು ಕವರಿನ ಅಂಚಿನಲ್ಲಿ ಸುತ್ತಾಡಿಸತೊಡಗಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಮೂರನೇ ಸುತ್ತಿಗೆ ಮೂಲೆಯ ತೂತಿನಲ್ಲಿ ಬೆರಳು ನಿಂತಿತು. ಕಣ್ಣು ಬಿಟ್ಟಳು. ದೀಪ ಹತ್ತಿರ ಎಳೆದುಕೊಂಡು, ಭೂತಗನ್ನಡಿ ಹಿಡಿದು, ಆ ತೂತನ್ನೇ ನೋಡುತ್ತಾ ಕೂತಳು. ಎಷ್ಟು ಹೊತ್ತು ಅಂದರೆ ಹಿಂದೆ ಯಾರೋ "ನಿದ್ದೆ ಹೋದಳಾ?" ಅಂದರು.

ಆಮೇಲೆ ನನ್ನ ಕಡೆ ತಿರುಗಿದಳು. ಆ ನೋಟ ನನಗೆ ಅರ್ಥವಾಗಲಿಲ್ಲ ಆಗ. ಈಗ ಅರ್ಥವಾಗುತ್ತದೆ. "ಅಸಲಿ, ಮೂಲೆಯಲ್ಲಿ ತೂತು, ವೆರಿ ಗುಡ್" ಅಂತ ಒಂದು ಮಾತು ಅಂದುಬಿಟ್ಟಿದ್ದರೆ ಮುಗಿದಿತ್ತು. ಅವಳ ಹೆಸರಿಗೆ ಒಂದು ಗೀರೂ ಬೀಳುತ್ತಿರಲಿಲ್ಲ.

"ನೈಜಲ್" ಅಂದಳು, "ನಿನ್ನ ಪೆಟ್ಟಿಗೆ ತೆಗಿ."

"ಹಾಗೆ ಬಾ ದಾರಿಗೆ!" ಅಂದ ನೈಜಲ್. "ಪಕ್ಕದಲ್ಲಿಟ್ಟು ನೋಡಿದ್ರೆ ತಾನೇ ತಿಳಿಯೋದು ಮಿಂಟ್ ಅಂದ್ರೆ ಏನು ಅಂತ." ಬೀಗ ತೆಗೆದ, ಮೆತ್ತನೆ ಬಟ್ಟೆ ಸರಿಸಿದ, ಎರಡೂ ಕೈಯಲ್ಲಿ ಎತ್ತಿ ಇಟ್ಟ.

"ಎಲ್ಲರೂ ಕೇಳಿಸ್ಕೊಳ್ಳಿ" ಅಂದಳು ಮ್ಯಾಕ್ಸಿನ್. "ನಾನು ಆರೇಳು ವರ್ಷ ಹ್ಯಾಡಕ್ ತೂಗುಹಾಕಿದೋಳು. ಹೊಗೆಮನೇಲಿ ಹಲಗೆ ಇರಲ್ಲ, ತಟ್ಟೆ ಇರಲ್ಲ. ಅಡ್ಡಕ್ಕೆ ಕಂಬಿ, ಕಂಬಿಗೆ ಕೊಕ್ಕೆ. ಒಳಗೆ ಹೋದದ್ದು ಏನೇ ಆಗ್ಲಿ, ಕೊಕ್ಕೆಗೆ ನೇತುಹಾಕಬೇಕು. ಈ ತೂತಿನ ಒಳಗೆ ನೋಡಿ. ರಟ್ಟಿನ ಒಳಪದರವೂ ಕಂದು. ಗೋಡೆಗೆ ಮೊಳೆ ಹೊಡೆದಿದ್ರೆ ಒಳಗೆ ಬೆಳ್ಳಗೆ ಇರಬೇಕಿತ್ತು. ತೂತು ಮೊದಲು, ಹೊಗೆ ಆಮೇಲೆ. ಇದು ಗಾಯ ಅಲ್ಲ ಕಣ್ರೋ, ಇದೇ ಗುರುತು! ಇಷ್ಟು ವರ್ಷ ಅಸಲಿ ಅಸಲಿಗೆಲ್ಲ ತೂತಿದೆ ಅಂತ ದರ್ಜೆ ಇಳಿಸಿದೀನಿ, ನನ್ನ ತಲೆಗಿಷ್ಟು! ದಿನಾ ಸಾವಿರ ಮೀನಿಗೆ ನನ್ನ ಕೈಯಾರೆ ಕೊಕ್ಕೆ ಚುಚ್ಚಿದೋಳು ನಾನು. ಕವರಲ್ಲಿ ತೂತು ಕಂಡ ಕೂಡಲೇ ಅದೊಂದೂ ನೆನಪಾಗ್ಲಿಲ್ಲ, ಬರೀ ದೋಷ ಕಾಣಿಸ್ತು."

ಹಾಲಿನಲ್ಲಿ ಒಬ್ಬೊಬ್ಬರೇ ನೈಜಲ್‌ನ ಕವರಿನ ನಾಲ್ಕು ಮೂಲೆ ನೋಡಿದರು. ನೀಟಾಗಿತ್ತು. ಪಾಪ, ಎಷ್ಟು ನೀಟಾಗಿತ್ತು!

"ಹಾಗಂದ್ರೆ?" ಅಂದ ನೈಜಲ್. ಅವನ ಗಂಟಲು ಅಷ್ಟು ಸಣ್ಣಗಾದದ್ದು ನಾನು ಕೇಳಿರಲಿಲ್ಲ. "ಹಿಂದೆ ಹೊಗೆಯ ಗೆರೆ ಇದೆಯಲ್ಲ. 'ಹೊಗೆ ತಾನೇ ಬಿಡಿಸಿದ ಚಿತ್ರ' ಅಂತ ನೀನೇ ಅಂದಿದ್ದೆ. ಎಲ್ಲರಿಗೂ ಹೇಳ್ಕೊಂಡು ತಿರುಗಿದೀನಿ."

ಮ್ಯಾಕ್ಸಿನ್ ತಿರುಗಿಸಿ ನೋಡಿದಳು. ಉದ್ದಕ್ಕೆ ಗೆರೆ, ಅಡ್ಡಕ್ಕೆ ಗೆರೆ, ಒಂದೇ ಅಳತೆಯ ಅಂತರ. ನಾನು ನೋಡಿದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಅದು ಮಾಂಸ ಸುಡೋ ಜಾಲರಿ ಅಲ್ವೇನೇ? ನಮ್ಮನೆ ಹಿತ್ತಲಲ್ಲೂ ಒಂದಿದೆ."

ಮೊದಲು ರೋಲಂಡ್ ಕಿಸಕ್ಕೆಂದ. ಆಮೇಲೆ ಇಡೀ ಹಾಲು ಬಿದ್ದೂ ಬಿದ್ದೂ ನಕ್ಕಿತು. ಒಬ್ಬನ ಕಿವಿಯ ಪಿನ್ನೇ ಕಳಚಿ ಬಿತ್ತು. ಯಾವನೋ ಪುಣ್ಯಾತ್ಮ ಮನೆ ಹಿತ್ತಲಲ್ಲಿ ಓಕ್ ಹೊಟ್ಟು ಹಾಕಿ, ಹ್ಯಾಡಕ್ ಪಕ್ಕದಲ್ಲೇ ಕವರನ್ನು ಮಲಗಿಸಿ ಹೊಗೆ ಕೊಟ್ಟಿದ್ದಾನೆ! ಕಾಗದದ ಚೀಲದಲ್ಲಿ ಮಾರಿದ ಅಸಲಿ ರೆಕಾರ್ಡನ್ನು ಅದರೊಳಗೆ ತೂರಿಸಿದ್ದಾನೆ. ಹಲ್‌ನ ಅತಿ ಕಟ್ಟುನಿಟ್ಟಿನ ಹೆಂಗಸು ಅದಕ್ಕೆ ಮಿಂಟ್ ಕೊಟ್ಟಿದ್ದಾಳೆ!

ಮ್ಯಾಕ್ಸಿನ್ ಮಾತ್ರ ನಗಲಿಲ್ಲ. "ಇನ್ನೂ ಒಂದಿದೆ" ಅಂದಳು. "ನನಗೆ ಮೂಗಿಲ್ಲ. ಎರಡು ವರ್ಷ ಆಯ್ತು. ಈಗ ಮೂಸಿದ್ದು ಬರೀ ನಾಟಕ. ಮೂಗು ಚೆನ್ನಾಗಿದ್ದಾಗ ನೈಜಲ್‌ನದನ್ನ ಅಸಲಿ ಅಂದೆ. ಮೂಗು ಹೋದ ಮೇಲೆ ಅದೇ ನಕಲಿ ಅಂತ ತಿಳೀತು. ರೋಲಂಡ್, ನಿಮ್ಮದು ಅಸಲಿ, ಜೋಪಾನ. ನೈಜಲ್, ನಿನ್ನ ಹತ್ರ ಏನಂತ ಹೇಳ್ಲಿ? ತಪ್ಪಾಯ್ತು."

ಮೇಜಿನಿಂದ ದೀಪದ ತಿರುಪು ಬಿಚ್ಚೋಕೆ ಶುರುಮಾಡಿದಳು. ಅವಳನ್ನು ಇಲ್ಲಿಂದ ಕಳಿಸಿದರೆ ಒಬ್ಬರಿಗೂ ಟೀ ಕೊಡುವುದಿಲ್ಲ ಅಂತ ಆ ಕ್ಷಣದಲ್ಲೇ ತೀರ್ಮಾನ ಮಾಡಿದೆ.

ನೈಜಲ್ ತನ್ನ ಕವರನ್ನೇ ನೋಡುತ್ತಾ ನಿಂತಿದ್ದ. ಒಳಗಿನ ರೆಕಾರ್ಡನ್ನು ಅರ್ಧ ಹೊರಗೆ ಎಳೆದು, "ಹಾಗಾದ್ರೆ... ಇದನ್ನ ಹಾಕಬಹುದಾ?" ಅಂದ.

"ಏನು?"

"ಹಾಡು. ಹಾಕಿ ಕೇಳಬಹುದಾ? ಮಿಂಟ್ ಅಂತ ಒಂದು ಸಲವೂ ಮುಳ್ಳು ತಾಗಿಸಿಲ್ಲ ಕಣೇ ನಾನು. ಪೆಟ್ಟಿಗೇಲಿ ಇಟ್ಕೊಂಡು ಕಾವಲು ಕಾಯ್ತಾ ಕೂತಿದೀನಿ. ಹೆಂಡತಿ ಸ್ಪೇನಿಗೆ ಹೋಗೋಣ ಅಂದ್ರೆ, ಮನೇಲಿ ಇದನ್ನ ಯಾರು ನೋಡ್ಕೋತಾರೆ ಅಂತ ಹೋಗ್ಲಿಲ್ಲ!"

ಯಾರು ತಡೆಯುತ್ತಾರೆ? ಸಂತೆಯಲ್ಲಿ ರೆಕಾರ್ಡು ಪರೀಕ್ಷೆಗೆ ಇಟ್ಟಿರುವ ಸಣ್ಣ ಯಂತ್ರಕ್ಕೆ ಹಾಕಿದ. ಹನ್ನೆರಡು ವರ್ಷ ಬಾಯಿ ಕಟ್ಟಿಕೊಂಡಿದ್ದ ರೆಕಾರ್ಡು ಒಮ್ಮೆಲೇ ಅರಚಿತು ನೋಡಿ! ಗಿಟಾರು, ಡ್ರಮ್ಮು, ಹೆಸಲ್ ರೋಡಿನ ಬೈಗುಳ. ಎರಡು ನಿಮಿಷವೂ ಇಲ್ಲದ ಹಾಡು. ನೈಜಲ್ ನಿಂತಲ್ಲೇ ಕುಪ್ಪಳಿಸಿದ. ಆಮೇಲೆ ರೋಲಂಡ್. ಆಮೇಲೆ ಮಂಡಿಪಟ್ಟಿಯವರು, ಹೃದಯಕ್ಕೆ ಯಂತ್ರ ಹಾಕಿಸಿಕೊಂಡವರು, ಎಲ್ಲರೂ! ನೆಲದ ಹಲಗೆ ಧಡಧಡ, ನನ್ನ ಸ್ಟಾಲಿನಿಂದ ಲೋಟಗಳು ಉರುಳಿದವು. ನಾನೂ ಚಮಚ ಹಿಡಿದುಕೊಂಡೇ ಎಗರಿದೆ, ಯಾಕೆ ಸುಳ್ಳು ಹೇಳಲಿ? "ಇನ್ನೊಂದ್ಸಲ!" ಅಂತ ಅರಚಿದರು, ಹಾಕಿದ. ಮತ್ತೆ ಹಾಕಿದ.

ಏದುಸಿರು ಬಿಡುತ್ತಾ ನೈಜಲ್ ತಿರುಗಿ ನೋಡಿದರೆ ಮ್ಯಾಕ್ಸಿನ್ ಕೋಟು ಹಾಕಿಕೊಂಡು ಬಾಗಿಲ ಹತ್ತಿರ ಇದ್ದಾಳೆ.

"ಏಯ್! ಎಲ್ಲಿಗೆ ಹೊರಟೆ?"

"ಮನೆಗೆ. ಇನ್ನೇನು ಕೆಲಸ ನನಗಿಲ್ಲಿ."

ನೈಜಲ್ ತನ್ನ ಮೇಜಿನ ಕೆಳಗಿಂದ ರೆಕಾರ್ಡಿನ ಒಂದು ಇಡೀ ಡಬ್ಬ ಎಳೆದು, ಹೊತ್ತು ತಂದು, ಅವಳ ಮೇಜಿನ ಮೇಲೆ ಧೊಪ್ಪನೆ ಇಟ್ಟ.

"ನೋಡು ಇವನ್ನ. ಒಂದೂ ಬಿಡದ ಹಾಗೆ ನೋಡು. ಎಲ್ಲರ ಮುಂದೆ ನನ್ನ ಮಾನ ಕಳೆದೆ, ಅದರ ಜೊತೆ ನಿನ್ನದನ್ನೂ ಕಳ್ಕೊಂಡೆ, ಒಂದು ಸುಳ್ಳು ಹೇಳಿದ್ರೆ ಇಬ್ಬರದೂ ಉಳೀತಿತ್ತು. ನಿನ್ನನ್ನ ಬಿಟ್ಟು ಇನ್ಯಾರ ಹತ್ರ ತೋರಿಸ್ಲಿ? ಕೂತ್ಕೋ ಸುಮ್ನೆ."

ಅವನ ಹಿಂದೆ ರೋಲಂಡ್ ನಿಂತ. ರೋಲಂಡ್ ಹಿಂದೆ ಇನ್ನೊಬ್ಬ. ಬೆವರು ಒರೆಸಿಕೊಳ್ಳುತ್ತಾ, ಏದುಸಿರು ಬಿಡುತ್ತಾ, ಸಾಲು ಬಾಗಿಲವರೆಗೆ ಬಂತು, ಮ್ಯಾಕ್ಸಿನ್ ಹೊರಗೆ ಹೋಗೋಕೂ ಜಾಗ ಇಲ್ಲ. ಅವಳು ವಾಪಸ್ಸು ಬಂದು ಕೂತಳು. ಅಳು ಉಕ್ಕಿ ಬಂದಿತ್ತು ಅವಳಿಗೆ. ರೆಕಾರ್ಡಿನ ಮೇಲೆ ಕಣ್ಣೀರು ಬೀಳಬಾರದಲ್ಲ, ಅದಕ್ಕೇ ತಲೆಯನ್ನು ಹಿಂದಕ್ಕೆ ವಾಲಿಸಿ, ಸೂರು ನೋಡಿಕೊಂಡೇ ಕೈ ಚಾಚಿ ಮೊದಲನೆಯದನ್ನು ಈಸಿಕೊಂಡಳು.